‘ಎಂಐಟಿ ಹಾಕಿಬಿಡು’ ಎನ್ನುವ ಮುನ್ನ

ಮುಂಬೈ, ಪುಣೆಗಳಲ್ಲಿ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿಗೆ ಸಹಿ ಹಾಕುವ ಮುಂಚೆ ನಾವು ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತೇವೆ. ಅದೇ ನಾವು, ಆರು ತಿಂಗಳು ನಿದ್ದೆಗೆಟ್ಟು ಬರೆದ ಲೈಬ್ರರಿಯನ್ನು ಗಿಟ್‌ಹಬ್‌ಗೆ ಏರಿಸುವಾಗ ಲೈಸೆನ್ಸ್ ಪಟ್ಟಿಯಲ್ಲಿ ಕಣ್ಣುಮುಚ್ಚಿ ಎಂಐಟಿ ಒತ್ತುತ್ತೇವೆ. ನನ್ನ ಟೀಮಿನ ಹುಡುಗರನ್ನು ಯಾಕೆ ಎಂದು ಕೇಳಿದರೆ ಒಂದೇ ಉತ್ತರ: ‘ಎಲ್ಲರೂ ಅದನ್ನೇ ಹಾಕ್ತಾರೆ ಸಾರ್.’ ಇದನ್ನು ಆಯ್ಕೆ ಎನ್ನಲು ನಾನು ತಯಾರಿಲ್ಲ.

ಏನನ್ನೂ ಆರಿಸದೆ ಬಿಡುವವರೂ ಇದ್ದಾರೆ. ಅವರ ವಿಷಯ ಬೇಗ ಮುಗಿಸುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ (ನಮ್ಮನ್ನು ಸಾಹಿತಿಗಳೆಂದು ಬೇರೆ ಯಾರೂ ಒಪ್ಪಿದ್ದು ಕಾಣೆ). ಲೈಸೆನ್ಸ್ ಇಲ್ಲದ ಕೋಡ್ ಕಣ್ಣಿಗೆ ಕಾಣುತ್ತದೆ, ಬಳಸುವಂತಿಲ್ಲ. ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸವಾಗಿ ಬರೆದದ್ದಕ್ಕೆ ಮೊದಲ ಮಾಲೀಕರು ಕಂಪನಿಯವರು. ಆಫೀಸಿನ ಕೋಡ್‌ಗೆ ನೀವು ಲೈಸೆನ್ಸ್ ಆರಿಸುವ ಮಾತೇ ಇಲ್ಲ.

ಎಂಐಟಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಪಠ್ಯವನ್ನೂ ಜೊತೆಗಿಡಿ, ಏನಾದರೂ ಆದರೆ ನನ್ನನ್ನು ಕೇಳಬೇಡಿ. ಅದು ಹೇಳುವುದು ಇಷ್ಟೇ. ನಿಮ್ಮ ಕೋಡನ್ನು ತಿದ್ದಿದವರು ಆ ತಿದ್ದುಪಡಿಯನ್ನು ಯಾರಿಗೂ ತೋರಿಸಬೇಕಿಲ್ಲ. ಬಿಎಸ್‌ಡಿಯೂ ಇದೇ ಜಾತಿ. ಆಂಡ್ರ್ಯೂ ತನೆನ್‌ಬಾಮ್ ಅವರ ಮಿನಿಕ್ಸ್ ಬಿಎಸ್‌ಡಿ ಲೈಸೆನ್ಸಿನಲ್ಲಿತ್ತು. ಇಂಟೆಲ್ ಅದನ್ನು ತನ್ನ ಚಿಪ್‌ಗಳೊಳಗಿನ ಮ್ಯಾನೇಜ್‌ಮೆಂಟ್ ಎಂಜಿನ್‌ನಲ್ಲಿ ಬಳಸಿದ್ದು 2017ರಲ್ಲಿ ಬಯಲಾದಾಗ, ಅವರು ಹಣ ಕೇಳಲಿಲ್ಲ. ಸೌಜನ್ಯಕ್ಕಾದರೂ ಒಂದು ಮಾತು ಹೇಳಬಹುದಿತ್ತು ಎಂದು ಬರೆದರು. ಬಿಎಸ್‌ಡಿ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ಎಂಐಟಿ ಒತ್ತುವ ನಮ್ಮ ಎಷ್ಟು ಜನರಿಗೆ ಗೊತ್ತಿದೆ?

ಹಾಗಾದರೆ ಜಿಪಿಎಲ್? ಅದು ಗಟ್ಟಿ ಚೌಕಾಸಿ. ಜಿಪಿಎಲ್‌ನಲ್ಲಿದ್ದ ರೀಡ್‌ಲೈನ್ ಲೈಬ್ರರಿಯನ್ನು ಬಳಸಿದ್ದಕ್ಕೆ 1992ರಲ್ಲಿ ಕ್ಲಿಸ್ಪ್ ಎಂಬ ಇಡೀ ಲಿಸ್ಪ್ ಪ್ರೋಗ್ರಾಂ ಜಿಪಿಎಲ್‌ಗೆ ಬಂತು. ಆದರೆ ಅದೇ ಸ್ಟಾಲ್‌ಮನ್ ಬಳಗ ತನ್ನ ಸಿ ಲೈಬ್ರರಿಗೆ ಸಡಿಲವಾದ ಎಲ್‌ಜಿಪಿಎಲ್ ಹಾಕಿತು, ಏಕೆಂದರೆ ಸಿ ಲೈಬ್ರರಿಗಳು ಬೇರೆಯೂ ಇದ್ದವು. ಬೇರೆಲ್ಲೂ ಸಿಗದ ಸರಕು ಕೈಯಲ್ಲಿದ್ದರೆ ಮಾತ್ರ ಈ ಚೌಕಾಸಿ ನಡೆಯುತ್ತದೆ. ಇಲ್ಲದಿದ್ದರೆ ರಿಲೀಸ್‌ಗೆ ಮುಂಚಿನ ಲೈಸೆನ್ಸ್ ಸ್ಕ್ಯಾನ್‌ನಲ್ಲಿ ನಿಮ್ಮ ಲೈಬ್ರರಿ ಕೆಂಪು ಸಾಲಾಗಿ ಕಾಣುತ್ತದೆ, ನನ್ನಂಥ ಮ್ಯಾನೇಜರ್ ಅದನ್ನು ತೆಗೆಸಿ ಹಾಕುತ್ತಾನೆ.

ನನ್ನ ವಾದ ಎಂಪಿಎಲ್ 2.0 ಪರ. ಮೊಜಿಲ್ಲಾ ಇದನ್ನು ಹೊರತಂದದ್ದು 2012ರಲ್ಲಿ. ನೀವು ಕನ್ನಡದ ಅಕಾರಾದಿ ವಿಂಗಡಣೆಗೋ ಲಿಪ್ಯಂತರಕ್ಕೋ ಒಂದು ಲೈಬ್ರರಿ ಬರೆದಿರಿ ಎನ್ನಿ. ಕೀಬೋರ್ಡ್ ಆ್ಯಪ್ ಮಾಡುವ ಕಂಪನಿಯೊಂದು ಅದನ್ನು ತೆಗೆದುಕೊಂಡು, ಒತ್ತಕ್ಷರ, ಅರ್ಕಾವತ್ತುಗಳಲ್ಲಿ ನೀವು ಬಿಟ್ಟ ಇಪ್ಪತ್ತು ತಪ್ಪು ಸರಿಮಾಡಿ ಮಾರುಕಟ್ಟೆಗೆ ಬಿಡುತ್ತದೆ. ಎಂಐಟಿಯಾದರೆ ಆ ಇಪ್ಪತ್ತೂ ಅವರ ಮನೆಯೊಳಗೇ. ಮುಂದಿನವನು ಮತ್ತೆ ಅವೇ ಇಪ್ಪತ್ತನ್ನು ಮೊದಲಿನಿಂದ ಹುಡುಕಬೇಕು. ಎಂಪಿಎಲ್‌ನಲ್ಲಿ, ತಿದ್ದಿದ ನಿಮ್ಮ ಫೈಲುಗಳ ಸೋರ್ಸನ್ನು ಅವರು ಕೊಡಲೇಬೇಕು. ಉಳಿದ ಆ್ಯಪನ್ನು ಮುಚ್ಚಿಟ್ಟುಕೊಳ್ಳಲಿ, ನಮಗೇನು. ಎಲ್‌ಜಿಪಿಎಲ್ ಆದರೆ ಲೈಬ್ರರಿಯನ್ನು ಬಳಕೆದಾರ ಬದಲಿಸಿ ಜೋಡಿಸಲು ಅವಕಾಶ ಇಡಬೇಕು. ಮೊಬೈಲ್ ಆ್ಯಪ್‌ಗಳಲ್ಲಿ ಅದು ತಲೆನೋವು.

ಎಂಪಿಎಲ್‌ನಲ್ಲೂ ತೂತುಗಳಿವೆ. ಹೊಸದನ್ನೆಲ್ಲ ಬೇರೆ ಫೈಲಿನಲ್ಲಿ ಬರೆದರೆ ಅದನ್ನು ಕೊಡಬೇಕಿಲ್ಲ. ಸರ್ವರ್‌ನಲ್ಲಿ ಓಡಿಸಿ, ಯಾರಿಗೂ ಪ್ರತಿ ಹಂಚದಿದ್ದರೂ ಕೊಡಬೇಕಿಲ್ಲ; ಅದಕ್ಕೆ ಎಜಿಪಿಎಲ್ ಇದೆ, ಆದರೆ ಆ ಹೆಸರು ಕೇಳಿದರೇ ಕಂಪನಿಗಳ ಲೀಗಲ್‌ನವರು ಹೌಹಾರುತ್ತಾರೆ. ಇಷ್ಟು ಸೋರಿಕೆ ನನಗೆ ಒಪ್ಪಿಗೆ. ಏನೂ ಬೇಡ, ಎಲ್ಲ ಬಿಟ್ಟುಕೊಡುತ್ತೇನೆ ಎನ್ನುವ ಉದಾರಿಗಳು ಅಪಾಚೆ 2.0 ಆರಿಸಲಿ. ಪೇಟೆಂಟ್ ಅನುಮತಿಯನ್ನು ಅದು ಬಾಯಿಬಿಟ್ಟು ಹೇಳುತ್ತದೆ, ಎಂಐಟಿ ಹೇಳುವುದಿಲ್ಲ.

ದಯವಿಟ್ಟು ಸ್ವಂತ ಷರತ್ತು ಮಾತ್ರ ಸೇರಿಸಬೇಡಿ. ‘ಕನ್ನಡದ ಕೆಲಸಕ್ಕೆ ಮಾತ್ರ’, ‘ವ್ಯಾಪಾರಕ್ಕಲ್ಲ’ ಎಂದು ಬರೆದ ಕ್ಷಣ ಅದು ಓಪನ್ ಸೋರ್ಸ್ ಅಲ್ಲ. ಕೆಟ್ಟದ್ದಕ್ಕೆ ಬಳಸಬೇಡಿ ಎಂಬ ಒಂದೇ ಸಾಲು ಸೇರಿಸಿದ್ದಕ್ಕೆ ಜೇಸನ್ ಲೈಸೆನ್ಸನ್ನು ಡೆಬಿಯನ್‌ನವರು ಮುಕ್ತವೆಂದು ಒಪ್ಪಲಿಲ್ಲ.

ಆಮೇಲೆ ನೋಡಿಕೊಳ್ಳೋಣ ಎನ್ನುವವರಿಗೆ: ಎಂಐಟಿಯಲ್ಲಿ ಒಮ್ಮೆ ಬಿಟ್ಟ ಆವೃತ್ತಿಯನ್ನು ವಾಪಸು ಪಡೆಯಲಾಗುವುದಿಲ್ಲ. ಕಟ್ಟುನಿಟ್ಟಿನಿಂದ ಸಡಿಲಕ್ಕೆ ಬರಬೇಕೆಂದರೆ ಕೋಡ್ ಕೊಟ್ಟ ಒಬ್ಬೊಬ್ಬರ ಒಪ್ಪಿಗೆಯೂ ಬೇಕು. ವಿಎಲ್‌ಸಿಯವರು 2011–12ರಲ್ಲಿ ತಮ್ಮ ಲೈಬ್ರರಿಯನ್ನು ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ಬದಲಿಸಲು, ಎಂದೋ ನಾಲ್ಕು ಸಾಲು ಬರೆದು ಹೋದವರನ್ನೂ ಸೇರಿಸಿ ನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಹುಡುಕಿ ಕೇಳಬೇಕಾಯಿತು.