ಬೂತಾಯಿಯ ಬೆಳ್ಳಿ, ಬಿಸಿಲಿನ ತುಕ್ಕು

ಮಕ್ಕಳೇ, ಬೂತಾಯಿ ಮೀನು ಶುಚಿ ಮಾಡುವಾಗ ಕೈಗೆ ಅಂಟುವ ಹೊಳಪನ್ನು ನೋಡಿದ್ದೀರಲ್ಲ? ಮಲ್ಪೆ ಬಂದರಿನಲ್ಲಿ, ಕಾಪುವಿನ ದಡದಲ್ಲಿ ಬುಟ್ಟಿಗಟ್ಟಲೆ ಮಿನುಗುವ ಆ ಬೆಳ್ಳಿ ಲೋಹವಲ್ಲ. ಅದು ಮುಖ್ಯವಾಗಿ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು. ಮೀನು ತಿನ್ನದ ಮನೆಯವರು ತೋಟದ ಜೇಡನ ಮೈಮೇಲಿನ ಬಿಳಿ ಮಚ್ಚೆಯನ್ನು ನೋಡಬಹುದು, ಅಲ್ಲೂ ಇರುವುದು ಇದೇ. 1844ರಲ್ಲಿ ಜರ್ಮನಿಯ ಉಂಗರ್ ಎಂಬ ರಸಾಯನ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದ್ದು ಗ್ವಾನೋದಿಂದ, ಅಂದರೆ ಕಡಲ ಹಕ್ಕಿಗಳ ಹಿಕ್ಕೆಯಿಂದ! ಹೆಸರು ಬಂದದ್ದೂ ಅಲ್ಲಿಂದಲೇ.

ಇದೇ ಗ್ವಾನಿನ್ ನಮ್ಮ ಜೀವಕೋಶಗಳ ಒಳಗೂ ಇದೆ. ಡಿಎನ್‌ಎ ಎಂಬ ಉದ್ದನೆಯ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಅದರಲ್ಲಿ ‘ಜಿ’ ಎಂದರೆ ಗ್ವಾನಿನ್. ನಾಲ್ಕರಲ್ಲಿ ಬೇಗ ‘ತುಕ್ಕು’ ಹಿಡಿಯುವುದೂ ಇದಕ್ಕೇ. ಮಳೆಗಾಲದಲ್ಲಿ ಅಜ್ಜನ ಕತ್ತಿ ಕೆಂಪಾಗುವುದನ್ನು ಶಾಲೆಯಲ್ಲಿ ಉತ್ಕರ್ಷಣ ಎಂದು ಕಲಿತಿದ್ದೀರಿ. ಕಬ್ಬಿಣ ಅಲ್ಲಿ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎಲೆಕ್ಟ್ರಾನನ್ನು ಎಲ್ಲಕ್ಕಿಂತ ಸುಲಭವಾಗಿ ಬಿಟ್ಟುಕೊಡುವ ಧಾರಾಳಿ ಈ ಗ್ವಾನಿನ್.

ಜೀವಕೋಶದಲ್ಲಿ ಬಹುಪಾಲು ನೀರು, ನೀರಿನಲ್ಲಿ ಕರಗಿದ ಆಮ್ಲಜನಕ. ಆ ಆಮ್ಲಜನಕ ತಾನಾಗಿ ಗ್ವಾನಿನ್‌ನ ತಂಟೆಗೆ ಹೋಗುವುದು ಕಡಿಮೆ. ಬಿಸಿಲೂ ನೇರವಾಗಿ ಹೆಚ್ಚೇನೂ ಮಾಡಲಾರದು. ಏಕೆಂದರೆ ಗ್ವಾನಿನ್ ಚೆನ್ನಾಗಿ ಹೀರುವ, ಸುಮಾರು 260 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಿರಣವನ್ನು ಓಝೋನ್ ಪದರ ಮೇಲೆಯೇ ತಡೆದುಬಿಡುತ್ತದೆ. ನಮ್ಮ ಅಂಗಳಕ್ಕೆ ಇಳಿಯುವ ನೇರಳಾತೀತದ ಬಹುಪಾಲು ಗ್ವಾನಿನ್‌ಗೆ ಕಾಣಿಸುವುದೇ ಇಲ್ಲ ಅನ್ನಿ. (ಇಳಿದು ಬರುವ ಇನ್ನೊಂದು ಸಣ್ಣ ಪಾಲು ಅಕ್ಕಪಕ್ಕದ ‘ಟಿ’ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅದು ಬೇರೆಯೇ ಕಥೆ.)

ಹಾಗಾದರೆ ತುಕ್ಕು ಹಿಡಿಸುವವರು ಯಾರು? ನಡುವೆ ಒಬ್ಬ ದಲ್ಲಾಳಿ ಇದ್ದಾನೆ. ಹಾಲು ಒಡೆದಾಗ ನಿಲ್ಲುವ ತಿಳಿನೀರಿಗೆ ಹಸಿರು ಬೆರೆತ ಹಳದಿ ಬಣ್ಣ ಇರುತ್ತದಲ್ಲ, ಅದು ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವ. ದೇಹಕ್ಕೆ ಬೇಕೇ ಬೇಕಾದದ್ದು. ಆದರೆ ಬೆಳಕು ಬಿದ್ದರೆ ಇದು ಅದನ್ನು ಹೀರಿ ಕೆರಳುತ್ತದೆ. ಒಮ್ಮೊಮ್ಮೆ ತಾನೇ ಗ್ವಾನಿನ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಒಮ್ಮೊಮ್ಮೆ ಕೆರಳನ್ನು ಆಮ್ಲಜನಕಕ್ಕೆ ದಾಟಿಸಿ ಅದರ ಕೈಯಲ್ಲಿ ಕಚ್ಚಿಸುತ್ತದೆ. ಗಾಜಿನ ಬಾಟಲಿಯ ಹಾಲನ್ನು ಬಿಸಿಲಿನಲ್ಲಿ ಇಟ್ಟರೆ ವಾಸನೆ ಕೆಡುವುದರ ಹಿಂದೆಯೂ ಇದೇ ದಲ್ಲಾಳಿ. ಕೆಲವು ಔಷಧಿಗಳು ಕಂದು ಬಣ್ಣದ ಬಾಟಲಿಯಲ್ಲಿ ಬರುವುದು ಬೆಳಕನ್ನು ದೂರವಿಡಲಿಕ್ಕೆ.

ತುಕ್ಕು ಹಿಡಿದ ಗ್ವಾನಿನ್‌ಗೆ 8-ಆಕ್ಸೊಗ್ವಾನಿನ್ ಎಂದು ಹೆಸರು. ‘ಪ’ದ ಹೊಟ್ಟೆಯಲ್ಲಿ ಒಂದು ಗೀಟು ಬಿದ್ದರೆ ‘ಷ’ ಆಗುತ್ತದಲ್ಲ, ಇದೂ ಅಷ್ಟೇ ಸಣ್ಣ ಗೀಟು. ಡಿಎನ್‌ಎ ನಕಲಾಗುವಾಗ ‘ಜಿ’ಯ ಎದುರು ‘ಸಿ’ ಕೂರಬೇಕು. ಗೀಟು ಬಿದ್ದ ‘ಜಿ’ಯ ಎದುರು ಕೆಲವೊಮ್ಮೆ ‘ಎ’ ಬಂದು ಕೂರುತ್ತದೆ. ಇಂಥ ತಪ್ಪುಗಳು ತಿದ್ದದೆ ಉಳಿದು, ಆಯಕಟ್ಟಿನ ಜಾಗಗಳಲ್ಲಿ ಸೇರುತ್ತ ಹೋದರೆ ಕ್ಯಾನ್ಸರ್‌ಗೂ ದಾರಿಯಾಗಬಹುದು.

ಹೆದರಬೇಡಿ, ತಿದ್ದುವವರು ಒಳಗೇ ಇದ್ದಾರೆ. ಕೆಲವು ಕಿಣ್ವಗಳು ಹಗಲೂ ರಾತ್ರಿ ಬರಹವನ್ನು ಓದುತ್ತ, ಗೀಟು ಬಿದ್ದ ಅಕ್ಷರವನ್ನು ಕತ್ತರಿಸಿ ತೆಗೆಯುತ್ತವೆ. ಆ ಜಾಗಕ್ಕೆ ಬೇರೆ ಕಿಣ್ವಗಳು ಹೊಸ ಅಕ್ಷರ ಕೂರಿಸುತ್ತವೆ. ಡಿಎನ್‌ಎಯ ಇಂಥ ರಿಪೇರಿ ಕೆಲಸವನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು.

ತಿದ್ದುವುದಕ್ಕಿಂತ ಮೊದಲೇ ತಡೆಯಬಹುದೇ? ಇಲ್ಲಿ ನಮ್ಮ ಮಣಿಪಾಲದ ಮಾತು ಬರುತ್ತದೆ. ಗಾಮಾ ಕಿರಣಕ್ಕೆ ದಲ್ಲಾಳಿ ಬೇಡ. ಅದು ನೀರನ್ನೇ ಒಡೆದು ಪುಂಡು ಕಣಗಳನ್ನು ಹುಟ್ಟಿಸುತ್ತದೆ, ಅವು ಗ್ವಾನಿನ್‌ಗೆ ಅದೇ ತುಕ್ಕು ಹಿಡಿಸುತ್ತವೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇಲಿಗಳಿಗೆ ತುಳಸಿ ಎಲೆಯ ಸಾರ ಕೊಟ್ಟು, ಆಮೇಲೆ ವಿಕಿರಣಕ್ಕೆ ಒಡ್ಡಿ ನೋಡಿದರು. ಸಾರ ಪಡೆದ ಇಲಿಗಳಿಗೆ ಹಾನಿ ಕಡಿಮೆಯಾಗಿತ್ತು. ಎಲೆಯಲ್ಲಿರುವ ಓರಿಯೆಂಟಿನ್, ವಿಸೆನಿನ್ ಎಂಬ ವಸ್ತುಗಳನ್ನೂ ಅವರು ಪರೀಕ್ಷಿಸಿದರು. ಇವು ಪುಂಡು ಕಣಗಳಿಗೆ ತಾವೇ ಎದುರಾಗಿ ಅವನ್ನು ತಣಿಸಬಲ್ಲವು. ಅಜ್ಜಿಯಂದಿರು ಕಟ್ಟೆಯ ತುಳಸಿಯನ್ನು ನೋಡಿ ಹೆಮ್ಮೆಪಡಲಿ, ಅಡ್ಡಿಯಿಲ್ಲ. ಆದರೆ ಅದು ಇಲಿಗಳ ಮೇಲಿನ, ಅಳೆದು ಕೊಟ್ಟ ಸಾರದ ಪ್ರಯೋಗ. ನಾಲ್ಕು ಎಲೆ ಜಗಿದು ಮಟಮಟ ಮಧ್ಯಾಹ್ನ ಕ್ರಿಕೆಟ್ ಆಡಬಹುದು ಎಂದು ಯಾರೂ ಹೇಳಿಲ್ಲ.

ಬೆಳಗ್ಗೆ, ಸಂಜೆ ಧಾರಾಳ ಆಡಿ. ಹನ್ನೊಂದರಿಂದ ಮೂರರವರೆಗೆ ಮಾತ್ರ ನೆರಳು ಹುಡುಕಿ. ಗದ್ದೆಗಿಳಿಯುವ ನಮ್ಮ ಹಿರಿಯರು ಅಡಿಕೆ ಹಾಳೆಯ ಮುಟ್ಟಾಳೆ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. “ಕಾರ್ಕಳದ ಗೊಮ್ಮಟ 1432ರಿಂದ ಟೊಪ್ಪಿಯಿಲ್ಲದೆ ಬಿಸಿಲಲ್ಲೇ ನಿಂತಿಲ್ಲವೇ ಅಜ್ಜಿ?” ಎಂದು ಯಾವ ಮೊಮ್ಮಗನಾದರೂ ವಾದಕ್ಕಿಳಿದರೆ ಉತ್ತರ ಸುಲಭ: ಕಲ್ಲಿಗೆ ಡಿಎನ್‌ಎ ಇಲ್ಲ, ಮಗಾ.