ಒಂದು ತುಂಡು ತಂತಿ ಮತ್ತು ನಮ್ಮ ಸೆಮಿನಾರು

ನಮ್ಮ ಕಾಲೇಜಿನಲ್ಲಿ ಸೆಮಿನಾರ್ ಎಂದರೆ ಏನು? ಪ್ರೊಜೆಕ್ಟರ್ ಹಾಕುವುದು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಹತ್ತು ಸ್ಲೈಡು ತೋರಿಸುವುದು, ಪರದೆಯ ಕಡೆ ಮುಖ ಮಾಡಿ ಅದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು, ಕೊನೆಗೆ ‘ಎನಿ ಡೌಟ್ಸ್?’ ಎಂದು ಕೇಳುವುದು. ಯಾರೂ ಮಾತಾಡುವುದಿಲ್ಲ. ಚಪ್ಪಾಳೆ ಬೀಳುತ್ತದೆ, ಅಂಕವೂ ಬರುತ್ತದೆ. ಓದಿದವರಿಗಾದರೂ, ಕೇಳಿದವರಿಗಾದರೂ ಅರ್ಥವಾಯಿತೇ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಬರೀ ದೂರು ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಅದಕ್ಕಾಗಿ ಗ್ರೇಸ್ ಹಾಪರ್ ಎಂಬ ಹೆಣ್ಣುಮಗಳ ವಿಷಯ ಹೇಳಿ, ನಂತರ ನಮ್ಮ ಕಾಲೇಜಿಗೆ ಬರುತ್ತೇನೆ. ‘ಕಂಪ್ಯೂಟರಿನ ವಿಷಯ ಕಾಮರ್ಸಿನವರಿಗೆ ಏಕೆ?’ ಎಂದು ಪುಟ ತಿರುಗಿಸಬೇಡಿ. ಲೆಕ್ಕಪತ್ರದ ಜನರಿಗಾಗಿ ಕಂಪ್ಯೂಟರಿಗೆ ಮಾತು ಕಲಿಸಿದವರೇ ಅವರು.

ಹಾಪರ್ 1906ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದು ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿ ಅವರದೊಂದು ಪದ್ಧತಿಯಿತ್ತು. ಗಣಿತದ ವಿದ್ಯಾರ್ಥಿನಿಯರಿಂದ ಪ್ರಬಂಧ ಬರೆಸುತ್ತಿದ್ದರು. ನಾವು ಬಂದಿರುವುದು ಗಣಿತ ಕಲಿಯಲು, ಇಂಗ್ಲಿಷ್ ಕಲಿಯಲು ಅಲ್ಲ ಎಂದು ಹುಡುಗಿಯರು ತಕರಾರು ಮಾಡಿದರೂ ಬಿಡಲಿಲ್ಲ. ಇನ್ನೊಬ್ಬರಿಗೆ ತಿಳಿಸಲು ಬಾರದಿದ್ದರೆ ಗಣಿತ ಕಲಿತು ಪ್ರಯೋಜನವಿಲ್ಲ ಎಂಬುದು ಅವರ ನಂಬಿಕೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡಿನ ‘ಮಾರ್ಕ್ 1’ ಎಂಬ ಭಾರೀ ಗಣಕದ ಕೆಲಸಕ್ಕೆ ಹಾಕಿದರು. ಅದಕ್ಕೆ ಲೆಕ್ಕದ ಕ್ರಮಗಳನ್ನು ಬರೆದು ಕೊಡುವುದರ ಜೊತೆಗೆ, ಐನೂರಕ್ಕೂ ಹೆಚ್ಚು ಪುಟಗಳ ಕೈಪಿಡಿಯ ಹೊಣೆಯೂ ಅವರ ಹೆಗಲಿಗೆ ಬಿತ್ತು. ಯಂತ್ರವನ್ನು ನಡೆಸುವುದು ಮತ್ತು ಅದನ್ನು ನಾಲ್ಕು ಜನರಿಗೆ ತಿಳಿಸುವುದು ಅವರ ಪಾಲಿಗೆ ಮೊದಲಿನಿಂದಲೂ ಒಂದೇ ಕೆಲಸವಾಗಿತ್ತು.

ಆಗ ಪ್ರೋಗ್ರಾಂ ಬರೆಯುವವರ ಬಳಿ ಒಂದೊಂದು ನೋಟ್‌ಪುಸ್ತಕ ಇರುತ್ತಿತ್ತು. ಯಾರೋ ಒಬ್ಬರು ಸರಿಯಾಗಿ ಮಾಡಿದ ಲೆಕ್ಕದ ತುಣುಕನ್ನು ಇತರರು ಅದರಿಂದ ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ತಪ್ಪಾಗುತ್ತಿತ್ತು. 4 ಎಂಬ ಅಂಕೆ ಬೇರೆ ಚಿಹ್ನೆಯಾಗುತ್ತಿತ್ತು, ‘ಬಿ’ ಅಕ್ಷರ 13 ಆಗುತ್ತಿತ್ತು. ಇದನ್ನು ಓದಿದಾಗ ನನಗೆ ನಮ್ಮ ಅಕೌಂಟೆನ್ಸಿ ನೆನಪಾಯಿತು. ಜರ್ನಲ್ ಸರಿ ಇರುತ್ತದೆ, ಲೆಡ್ಜರಿಗೆ ಪೋಸ್ಟ್ ಮಾಡುವಾಗ 540 ಹೋಗಿ 450 ಆಗುತ್ತದೆ, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದಿಲ್ಲ. ನಾವು ಸಸ್ಪೆನ್ಸ್ ಖಾತೆ ತೆರೆದು ಸಮಾಧಾನಪಟ್ಟುಕೊಳ್ಳುತ್ತೇವೆ. ಹಾಪರ್ ಬೇರೆ ರೀತಿ ಯೋಚಿಸಿದರು. ನಕಲು ಮಾಡುವುದು, ಕೂಡುವುದು ಯಂತ್ರಕ್ಕೆ ಚೆನ್ನಾಗಿ ಬರುವ ಕೆಲಸ. ಅದನ್ನು ಯಂತ್ರವೇ ಏಕೆ ಮಾಡಬಾರದು? ಹೀಗೆ 1952ರ ಹೊತ್ತಿಗೆ ‘ಎ-0’ ಎಂಬ ಕಂಪೈಲರ್ ಸಿದ್ಧವಾಯಿತು. ಬೇಕಾದ ತುಣುಕುಗಳ ಪಟ್ಟಿ ಕೊಟ್ಟರೆ ಯಂತ್ರ ತಾನೇ ಅವನ್ನು ಹುಡುಕಿ ಜೋಡಿಸಿಕೊಳ್ಳುತ್ತಿತ್ತು. ಟ್ಯಾಲಿಯಲ್ಲಿ ವೋಚರ್ ಹಾಕಿದ ಕೂಡಲೇ ಲೆಡ್ಜರ್ ತಾನಾಗಿ ತುಂಬುತ್ತದಲ್ಲ, ಆ ಅನುಕೂಲದ ಹಿಂದೆ ಇರುವುದೂ ಇದೇ ಬಗೆಯ ಯೋಚನೆ.

ಆದರೆ ಕಂಪೈಲರ್ ಮಾಡಿದ ಮಾತ್ರಕ್ಕೆ ಜನ ಒಪ್ಪಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡಬಹುದೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದರು. ಕೆಲಸ ಮಾಡುತ್ತಿರುವ ಕಂಪೈಲರ್ ಕಣ್ಣೆದುರಿಗೆ ಇದ್ದರೂ ಮುಟ್ಟುವವರಿರಲಿಲ್ಲ. ಆಗ ಹಾಪರ್ ಏನು ಮಾಡಿದರು? ಸಭೆಗಳಿಗೆ ಹೋದರು, ಪ್ರಬಂಧ ಮಂಡಿಸಿದರು, ತೋರಿಸಿದರು, ಮತ್ತೆ ಮತ್ತೆ ವಿವರಿಸಿದರು.

ಇದಕ್ಕಿಂತ ನನಗೆ ಇಷ್ಟವಾದ ಪ್ರಸಂಗ ಇನ್ನೊಂದಿದೆ. ಗಣಿತಜ್ಞರಿಗೆ ಚಿಹ್ನೆಗಳೆಂದರೆ ಪ್ರೀತಿ. ಆದರೆ ಕಚೇರಿಯಲ್ಲಿ ಸಂಬಳ, ದಾಸ್ತಾನು, ಬಿಲ್ಲು ನೋಡಿಕೊಳ್ಳುವವರಿಗೆ ಚಿಹ್ನೆ ಬೇಡ, ಮಾತು ಬೇಕು ಎಂದು ಹಾಪರ್ ಕಂಡುಕೊಂಡರು. ಮಾತಿನಲ್ಲಿ ಬರೆದ ಆಜ್ಞೆಯನ್ನು ಯಂತ್ರ ಪಾಲಿಸುವಂತೆ ಮಾಡಿ, ಕಂಪನಿಯ ಮೇಲಧಿಕಾರಿಗಳ ಮುಂದೆ ಒಂದು ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ ತೋರಿಸಿದರು. ಅಷ್ಟಕ್ಕೇ ನಿಲ್ಲಿಸದೆ ಅದನ್ನೇ ಫ್ರೆಂಚ್ ಮಾತುಗಳಲ್ಲಿ, ಜರ್ಮನ್ ಮಾತುಗಳಲ್ಲಿಯೂ ತೋರಿಸಿದರು. ಯಂತ್ರಕ್ಕೆ ಮೂರೂ ಒಂದೇ, ಮಾತು ಬದಲಾದರೆ ಪಟ್ಟಿ ಬದಲಿಸಿದರೆ ಸಾಕು. ಅಧಿಕಾರಿಗಳಿಗೆ ಮಾತ್ರ ಗಾಬರಿಯಾಯಿತು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ತಿಳಿಯುವುದೆಂದರೇನು! ಕೊನೆಗೆ ಇಂಗ್ಲಿಷ್ ಒಂದೇ ಎಂದು ಒಪ್ಪಿದ ಮೇಲೆ ಕೆಲಸ ಮುಂದುವರಿಯಿತು. ಈ ಕಥೆಯನ್ನು ಹಾಪರ್ ಮುಂದೆ ಸಭೆಗಳಲ್ಲಿ ನಗುತ್ತಾ ಹೇಳುತ್ತಿದ್ದರು. ಭಾಷೆಯ ಭಯ ಇದ್ದದ್ದು ಯಂತ್ರಕ್ಕಲ್ಲ, ಮನುಷ್ಯರಿಗೆ.

ಆ ಕೆಲಸ ‘ಫ್ಲೋ-ಮ್ಯಾಟಿಕ್’ ಎಂಬ ಭಾಷೆಯಾಯಿತು. 1959ರಲ್ಲಿ ಬೇರೆ ಬೇರೆ ಕಂಪನಿಗಳ, ಸರ್ಕಾರಿ ಇಲಾಖೆಗಳ ಜನ ಸೇರಿ ವ್ಯಾಪಾರಕ್ಕಾಗಿ ಒಂದು ಸಾಮಾನ್ಯ ಭಾಷೆ ಮಾಡಲು ಹೊರಟಾಗ ಅವರ ಮುಂದಿದ್ದ ಮುಖ್ಯ ಮಾದರಿ ಇದೇ. ಅದೇ ಕೋಬಾಲ್. ಅದನ್ನು ಹಾಪರ್ ಒಬ್ಬರೇ ಮಾಡಲಿಲ್ಲ. ಸಭೆ ಸೇರಿಸಬೇಕೆಂದು ಮೊದಲು ಹೇಳಿದ ಮೇರಿ ಹಾಸ್, ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಜೀನ್ ಸ್ಯಾಮೆಟ್, ಹೀಗೆ ಹಲವರ ದುಡಿಮೆ ಅದರಲ್ಲಿದೆ. ಹಾಪರ್ ಸಲಹೆಗಾರರಾಗಿದ್ದರು. ಕೋಬಾಲಿನಲ್ಲಿ ‘ಸಬ್‌ಟ್ರಾಕ್ಟ್ ಟ್ಯಾಕ್ಸ್ ಫ್ರಮ್ ಸ್ಯಾಲರಿ’ ಎಂಬಂತೆ ಬರೆಯಬಹುದು. ಕಾಮರ್ಸ್ ಓದುವ ನಮಗೆ ಯಾರೂ ಹೇಳಿಕೊಡದೆ ಅರ್ಥವಾಗುವ ಸಾಲು ಅದು. ಉದ್ದುದ್ದ ಬರೆಯಬೇಕು ಎಂದು ಪಂಡಿತರು ಗೇಲಿ ಮಾಡಿದರೂ ಬ್ಯಾಂಕುಗಳು, ವಿಮಾ ಕಂಪನಿಗಳು ಅದನ್ನು ಬಿಡಲಿಲ್ಲ. ಕೋಬಾಲಿನ ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಯನ್ನು ಎರಡೇ ಅಂಕೆಯಲ್ಲಿ ಬರೆದಿದ್ದರಿಂದ 2000ನೇ ಇಸವಿ ಹತ್ತಿರವಾದಂತೆ ಅವನ್ನೆಲ್ಲ ತಿದ್ದಬೇಕಾಯಿತು. ಆ ಕೆಲಸದ ದೊಡ್ಡ ಪಾಲು ಬಂದದ್ದು ಭಾರತಕ್ಕೆ. ಬೆಂಗಳೂರಿನ ಎಷ್ಟೋ ಜನರ ಮೊದಲ ಸಂಬಳ ಅದರಿಂದ ಬಂತು. 2020ರಲ್ಲಿ ಕೊರೊನಾ ಕಾಲದಲ್ಲಿ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲವರು ಬೇಕು ಎಂದು ಬಹಿರಂಗವಾಗಿ ಕೇಳಿಕೊಂಡರು.

ಈಗ ತಂತಿಯ ವಿಷಯ. ಹಾಪರ್ ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ಟೆಲಿಫೋನ್ ತಂತಿಯ ತುಂಡುಗಳನ್ನು ಒಯ್ದು ಹಂಚುತ್ತಿದ್ದರು. ‘ನ್ಯಾನೊಸೆಕೆಂಡ್’ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಹಾಗೆಂದರೆ ಯಾರಿಗೆ ತಿಳಿಯುತ್ತದೆ? ಅಷ್ಟು ಹೊತ್ತಿನಲ್ಲಿ ಬೆಳಕು ಹೋಗಬಲ್ಲ ದೂರ ಆ ತುಂಡಿನಷ್ಟು. ನಮ್ಮ ಜಾಮೆಟ್ರಿ ಬಾಕ್ಸಿನ ಎರಡು ಸ್ಕೇಲ್ ಜೋಡಿಸಿದರೆ ಒಂದು ನ್ಯಾನೊಸೆಕೆಂಡ್! ಜೊತೆಗೆ ಸುಮಾರು 300 ಮೀಟರ್ ತಂತಿಯ ಸುರುಳಿಯನ್ನೂ ತೋರಿಸಿ, ಇದು ಮೈಕ್ರೊಸೆಕೆಂಡ್, ಪ್ರೋಗ್ರಾಂ ಬರೆಯುವವರು ತಾವು ಎಷ್ಟು ಪೋಲು ಮಾಡುತ್ತಿದ್ದೇವೆಂದು ನೋಡಲಿ ಎನ್ನುತ್ತಿದ್ದರು. ಉಪಗ್ರಹದ ಮೂಲಕ ಸಂದೇಶ ಬರಲು ಯಾಕಿಷ್ಟು ತಡ ಎಂದು ಕೇಳಿದ ಸೇನಾಧಿಕಾರಿಗಳಿಗೂ ಇದೇ ತಂತಿ ಉತ್ತರ. ಇಲ್ಲಿಂದ ಉಪಗ್ರಹದವರೆಗೆ ಇಂಥ ಎಷ್ಟು ತುಂಡು ಇಡಬೇಕು, ಎಣಿಸಿ ಎಂದು.

ಆ ಭಾಷಣಗಳಿಗೆ ಬೇಕಾದ ಸಾಮಾನು ಬಿಸಾಡಿದ ತಂತಿ, ಒಂದು ಕತ್ತರಿ, ಅಷ್ಟೇ. ವಿಷಯ ಪೂರ್ತಿ ತಿಳಿದವರಿಗೆ ಮಾತ್ರ ಇಷ್ಟು ಸರಳವಾಗಿ ಹೇಳಲು ಬರುತ್ತದೆ. ‘ಮೊದಲಿನಿಂದಲೂ ಹೀಗೆಯೇ ಮಾಡಿಕೊಂಡು ಬಂದಿದ್ದೇವೆ’ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ತಮ್ಮ ಕಚೇರಿಯಲ್ಲಿ ಹಿಂದಕ್ಕೆ ತಿರುಗುವ ಗಡಿಯಾರ ಇಟ್ಟುಕೊಂಡಿದ್ದರಂತೆ. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದ ಮೇಲೂ ಭಾಷಣ ನಿಲ್ಲಿಸಲಿಲ್ಲ. 1992ರಲ್ಲಿ ತೀರಿಕೊಂಡರು.

ಈಗ ನಮ್ಮ ಕಾಲೇಜಿಗೆ ಬರೋಣ. ನಮ್ಮ ತರಗತಿಯಲ್ಲಿ ಒಬ್ಬಳಿದ್ದಾಳೆ. ಅವಳ ಅಮ್ಮಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ಯಾರು ಬಟ್ಟೆ ಕೊಟ್ಟರು, ಎಷ್ಟು ಮುಂಗಡ, ಎಷ್ಟು ಬಾಕಿ ಎಂಬುದನ್ನೆಲ್ಲ ಅವಳು ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಇಟ್ಟಿದ್ದಾಳೆ. ಕೊಡಬೇಕಾದ ದಿನ ದಾಟಿದರೆ ಆ ಸಾಲು ಕೆಂಪಾಗುತ್ತದೆ. ಇದನ್ನು ಅವಳೇ ಕಲಿತು ಮಾಡಿದ್ದು. ಆದರೆ ಸೆಮಿನಾರಿಗೆ ಅವಳು ಆರಿಸಿಕೊಂಡ ವಿಷಯ ‘ಕ್ಲೌಡ್ ಕಂಪ್ಯೂಟಿಂಗ್’. ‘ಇದನ್ನೇ ತೋರಿಸು’ ಎಂದರೆ, ‘ಛೆ, ಇದೆಲ್ಲ ಮನೆ ವಿಷಯ ಕಣೇ, ಇದಕ್ಕೆ ಮಾರ್ಕ್ಸ್ ಕೊಡ್ತಾರಾ?’ ಎಂದಳು. ಅವಳಿಗೆ ಹಾಗೆ ಅನ್ನಿಸಿದ್ದು ಅವಳ ತಪ್ಪಲ್ಲ. ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ ಓದಿದರೆ ಅಂಕವಿದೆ. ಗೊತ್ತಿರುವುದನ್ನು ನಮ್ಮ ಮಾತಿನಲ್ಲಿ ತೋರಿಸಲು ಜಾಗವೇ ಇಲ್ಲ.

ನೆನಪಿಡಿ, ಟ್ಯಾಲಿ ಹುಟ್ಟಿದ್ದೂ ಮನೆ ವಿಷಯದಿಂದಲೇ. 1986ರಲ್ಲಿ ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ, ಮಗ ಭರತ್ ಅವರಿಗೆ ಬರೆದು ಕೊಡಲು ಹೇಳಿದ್ದರಿಂದ ಅದು ಶುರುವಾಯಿತು.

ಭಾಷೆಯ ಬಗ್ಗೆ ಒಂದು ಮಾತು. ನನ್ನ ಮನೆಮಾತು ಉರ್ದು, ನಮ್ಮ ದಖನಿ. ಇಲ್ಲಿ ಅನೇಕರದು ಹಾಗೆಯೇ. ಉಳಿದವರದು ಕನ್ನಡ ಅಥವಾ ಇನ್ನೊಂದು. ಲೆಕ್ಕದ ವಿಷಯ ನಮ್ಮ ಮಾತಿನಲ್ಲಿ ಹೇಳಲು ಬರುವುದಿಲ್ಲ ಎನ್ನುವವರಿದ್ದಾರೆ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಎಂಬ ಮಾತುಗಳನ್ನು ನೋಡಿ. ಅಂಗಡಿಯಲ್ಲಿ ಕನ್ನಡದವರೂ ಇವನ್ನೇ ಆಡುತ್ತಾರೆ, ನಮ್ಮ ಮನೆಯಲ್ಲೂ ಇವನ್ನೇ ಆಡುತ್ತೇವೆ. ಲೆಕ್ಕದ ಮಾತಿನಲ್ಲಿ ಉರ್ದುವೂ ಕನ್ನಡವೂ ಯಾವತ್ತೋ ಒಂದೇ ಖಾತೆ ತೆರೆದಿವೆ. ಅದರಲ್ಲಿ ವ್ಯವಹಾರ ಮಾಡಲು ನಾಚಿಕೆ ಪಡುತ್ತಿರುವವರು ನಾವು.

‘ನಾಳೆ ಕೆಲಸಕ್ಕೆ ಇಂಗ್ಲಿಷ್ ಬೇಡವೇ?’ ಎಂದು ನಮ್ಮ ಉಪನ್ಯಾಸಕರು ಕೇಳಬಹುದು. ಖಂಡಿತ ಬೇಕು. ಆದರೆ ತನ್ನ ಮಾತಿನಲ್ಲಿ ವಿಷಯ ತಿಳಿದವರು ಅದನ್ನು ಇಂಗ್ಲಿಷಿಗೆ ಒಯ್ಯಬಲ್ಲರು. ಬಾಯಿಪಾಠ ಮಾಡಿದವರು ಎರಡೂ ಕಡೆ ನಿಲ್ಲುತ್ತಾರೆ. ಸಂದರ್ಶನದಲ್ಲಿ ಎರಡನೇ ಪ್ರಶ್ನೆ ಕೇಳಿದರೆ ಮುಗಿಯಿತು. ‘ಪಾಠ ಮುಗಿಸಲೇ ಸಮಯವಿಲ್ಲ’ ಎಂಬುದು ಇನ್ನೊಂದು ಮಾತು. ಇದರಲ್ಲಿ ನಿಜವಿದೆ. ಆದರೆ ನಾನು ಹೆಚ್ಚಿನ ಸಮಯ ಕೇಳುತ್ತಿಲ್ಲ. ಈಗ ಸೆಮಿನಾರಿಗೆ ಕೊಡುತ್ತಿರುವ ಸಮಯವನ್ನೇ ಬೇರೆ ರೀತಿ ಬಳಸಿ ಎನ್ನುತ್ತಿದ್ದೇನೆ. ಹುಡುಗಿಯರು ಮುಂದೆ ಬಂದು ಮಾತಾಡುವುದಿಲ್ಲ ಎಂದೂ ಹೇಳುತ್ತಾರೆ. ತಾವೇ ಮಾಡಿದ್ದನ್ನು ತೋರಿಸಲು ಹೇಳಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಪ್ರಾಂಶುಪಾಲರಿಗೂ ಎಲ್ಲ ಉಪನ್ಯಾಸಕರಿಗೂ ನನ್ನ ವಿನಂತಿ ಮೂರು.

ಮೊದಲನೆಯದು, ಸೆಮಿನಾರಿನಲ್ಲಿ ಸ್ಲೈಡ್ ಓದುವುದನ್ನು ನಿಲ್ಲಿಸಿ. ಹತ್ತು ನಿಮಿಷ ಕೊಡಿ. ತಾನು ಮಾಡಿದ ಅಥವಾ ಬಳಸಿದ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಹೇಳಲಿ. ಜಿಎಸ್‌ಟಿ ಬಿಲ್ ಇರಲಿ, ಪಾಸ್‌ಬುಕ್ ಇರಲಿ, ಹೊಲಿಗೆಯ ಲೆಕ್ಕವೇ ಇರಲಿ. ಕನ್ನಡ, ಉರ್ದು, ಇಂಗ್ಲಿಷ್, ಯಾವುದಾದರೂ ಸರಿ. ಕೇಳುವವರಲ್ಲಿ ಮೂವರು ಪ್ರಶ್ನೆ ಕೇಳಲೇಬೇಕು.

ಎರಡನೆಯದು, ಕಂಪ್ಯೂಟರ್ ಲ್ಯಾಬ್ ಈಗ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಮಾತ್ರ ತೆರೆಯುತ್ತದೆ. ಇತಿಹಾಸ ತೆಗೆದುಕೊಂಡ ನಮ್ಮಂಥ ಕಾಮರ್ಸಿನವರಿಗೂ ವಾರಕ್ಕೆ ಒಂದು ಗಂಟೆ ಕೊಡಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೇ ನಮ್ಮಲ್ಲಿ ಹೆಚ್ಚು. ಬೋರ್ಡಿನ ಮೇಲೆ ಚಿತ್ರ ಬರೆದು ಸ್ಪ್ರೆಡ್‌ಶೀಟ್ ಕಲಿಸುವುದು ದಡದ ಮೇಲೆ ಈಜು ಕಲಿಸಿದ ಹಾಗೆ.

ಮೂರನೆಯದು, ತಿಂಗಳಿಗೊಮ್ಮೆ ಇದನ್ನು ಪಾಲಕರ ಮುಂದೆ ಮಾಡಿಸಿ. ನಮ್ಮ ಅಮ್ಮಿ, ಅಬ್ಬಾ, ಖಾಲಾ ಬಂದು ಕೂರಲಿ. ಅವರಿಗೆ ತಿಳಿಯಿತೆಂದರೆ ನಮಗೂ ತಿಳಿದಿದೆ ಎಂದು ಲೆಕ್ಕ. ಅವರು ಕೇಳುವ ಪ್ರಶ್ನೆ ಯಾವ ಗೈಡಿನಲ್ಲೂ ಇರುವುದಿಲ್ಲ.

ಇದು ಶುರುವಾಗುವುದಾದರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ. ವಿಷಯ: ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಕ್ಯಾಶ್‌ಬುಕ್ಕಿಗೂ ಬಾಕಿ ಏಕೆ ತಾಳೆಯಾಗುವುದಿಲ್ಲ. ಭಾಷೆ: ದಖನಿ. ಎರಡು ಪುಸ್ತಕ, ಒಂದು ಚೆಕ್ಕು ತರುತ್ತೇನೆ. ಪ್ರೊಜೆಕ್ಟರ್ ಬೇಡ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ