ಎಂಆರ್‌ಐ ಒಳಗೆ ಅರ್ಥವಾಗುವ ಮಾತು

ಎಂಆರ್‌ಐ ಯಂತ್ರವನ್ನು ದೇಶದಲ್ಲೇ ತಯಾರಿಸುವ ಮಾತು ಈಗ ಜೋರಾಗಿದೆ. ಸಮೀರ್ ಸಂಸ್ಥೆ ಅಭಿವೃದ್ಧಿಪಡಿಸಿದ 1.5 ಟೆಸ್ಲಾ ಯಂತ್ರವನ್ನು ದೆಹಲಿಯ ಏಮ್ಸ್‌ನಲ್ಲಿ ಪರೀಕ್ಷೆಗೆ ಅಳವಡಿಸಲು 2025ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು. ನಮ್ಮ ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿಯೂ ಸ್ವದೇಶಿ ಸ್ಕ್ಯಾನರ್ ರೂಪಿಸಿದೆ. ಚರ್ಚೆಯೆಲ್ಲ ಆಯಸ್ಕಾಂತ, ಹೀಲಿಯಂ, ಬೆಲೆಯ ಸುತ್ತಲೇ ನಡೆದಿದೆ. ಎಂ.ಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿ, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ ಕಾಣುವ ಪ್ರಶ್ನೆ ಬೇರೆ: ಒಳಗೆ ಮಲಗಿದ ರೋಗಿ ಅಲುಗಾಡಿದರೆ ಏನು ಗತಿ?

ಎಂಆರ್‌ಐ ಕ್ಯಾಮೆರಾದಂತೆ ಒಮ್ಮೆಲೇ ಫೋಟೊ ತೆಗೆಯುವುದಿಲ್ಲ. ದೇಹದಿಂದ ಬರುವ ರೇಡಿಯೊ ಸಂಕೇತಗಳನ್ನು ಸಾಲು ಸಾಲಾಗಿ ಸಂಗ್ರಹಿಸಿ, ಆಮೇಲೆ ಗಣಿತದಿಂದ ಚಿತ್ರ ಕಟ್ಟುತ್ತದೆ. ಪ್ರತಿ ಸಾಲಿನಲ್ಲೂ ಇಡೀ ಚಿತ್ರದ ಮಾಹಿತಿ ಇರುತ್ತದೆ. ಹಾಗಾಗಿ ನಡುವೆ ತಲೆ ಕೆಲವೇ ಮಿಲಿಮೀಟರ್ ಸರಿದರೂ ಮಸುಕು ಚಿತ್ರದ ತುಂಬ ಹರಡಬಹುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಐದು ತಪಾಸಣೆಗಳಲ್ಲಿ ಒಂದರಲ್ಲಿ ಯಾವುದಾದರೂ ಭಾಗವನ್ನು ಮತ್ತೆ ತೆಗೆಯಬೇಕಾಗಿತ್ತು.

ತಿದ್ದುವ ದಾರಿಗಳಿವೆ. 1999ರಲ್ಲಿ ಜೇಮ್ಸ್ ಪೈಪ್ ಪ್ರಕಟಿಸಿದ ‘ಪ್ರೊಪೆಲ್ಲರ್’ ವಿಧಾನ ಫ್ಯಾನಿನ ರೆಕ್ಕೆಗಳ ಆಕಾರದಲ್ಲಿ ಮಾಹಿತಿ ಸಂಗ್ರಹಿಸುತ್ತದೆ. ಎಲ್ಲ ರೆಕ್ಕೆಗಳೂ ನಡುಭಾಗವನ್ನು ಹಾದುಹೋಗುತ್ತವೆ. ಆ ಭಾಗವನ್ನು ಹೋಲಿಸಿ, ತಲೆ ಎಷ್ಟು ಸರಿಯಿತು, ಎಷ್ಟು ತಿರುಗಿತು ಎಂದು ಲೆಕ್ಕ ಹಾಕಿ ಸರಿಪಡಿಸಬಹುದು. ಆದರೆ ಉಸಿರಿನೊಂದಿಗೆ ಆಕಾರವೇ ಬದಲಾಗುವ ಲಿವರ್‌ಗೆ ಈ ಲೆಕ್ಕ ಅಷ್ಟು ಸುಲಭವಲ್ಲ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಇಂದಿಗೂ ಹಲವು ಸಲ ರೋಗಿಗೇ ಉಸಿರು ಬಿಗಿಹಿಡಿಯಲು ಹೇಳುತ್ತಾರೆ.

ಹೇಳುವುದು ಯಾವ ಭಾಷೆಯಲ್ಲಿ? ಧಾರವಾಡದಿಂದ ಬಂದಿದ್ದ ನಮ್ಮ ಅವ್ವನಿಗೆ ಇಲ್ಲಿನ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಹಿಂದಿಯ ರೆಕಾರ್ಡೆಡ್ ದನಿ ಸೂಚನೆ ಕೊಟ್ಟಿತು. ‘ಯಾವಾಗ ಹಿಡೀಬೇಕು, ಯಾವಾಗ ಬಿಡಬೇಕು ಒಂದೂ ತಿಳೀಲಿಲ್ಲೋ’ ಎಂದಳು. ಅದೇ ಭಾಗವನ್ನು ಮೂರು ಸಲ ತೆಗೆಯಬೇಕಾಯಿತು. ಊರಿಂದ ತಂದೆ-ತಾಯಿಯನ್ನು ಚಿಕಿತ್ಸೆಗೆ ಕರೆಸಿಕೊಳ್ಳುವ ಹೊರನಾಡ ಕನ್ನಡಿಗರಿಗೆ ಇಂಥದ್ದು ಹೊಸತಲ್ಲ.

ಇಂಥ ಮಸುಕನ್ನೆಲ್ಲ ಕೃತಕ ಬುದ್ಧಿಮತ್ತೆ ಅಳಿಸುತ್ತದೆ ಎಂಬ ಭರವಸೆ ಕೇಳಿಬರುತ್ತಿದೆ. ಇಲ್ಲಿ ಎಚ್ಚರ ಬೇಕು. ಕಡಿಮೆ ಮಾಹಿತಿಯಿಂದ ಬೇಗ ಚಿತ್ರ ಕಟ್ಟುವ ಸವಾಲೊಡ್ಡಿದ 2020ರ ಫಾಸ್ಟ್‌ಎಂಆರ್‌ಐ ಸ್ಪರ್ಧೆಯಲ್ಲಿ, ಕೆಲವು ಮಾದರಿಗಳು ದೇಹದಲ್ಲಿ ಇಲ್ಲದ ರಚನೆಗಳನ್ನೂ ಚಿತ್ರದಲ್ಲಿ ಮೂಡಿಸಿದ್ದವು. ಅಲುಗಾಟ ತಿದ್ದುವಾಗಲೂ ಇದೇ ಅಪಾಯವಿದೆ. ಮಸುಕಾದ ಚಿತ್ರವನ್ನು ವೈದ್ಯರು ಅನುಮಾನಿಸುತ್ತಾರೆ. ಸ್ಪಷ್ಟವಾಗಿ ಕಾಣುವ ತಪ್ಪು ಚಿತ್ರವನ್ನು ನಂಬಿಬಿಡಬಹುದು.

ಸ್ವದೇಶಿ ಯಂತ್ರ ಕಟ್ಟುವವರು ಎರಡು ಕೆಲಸ ಮಾಡಲಿ. ಮೊದಲನೆಯದು, ಕೃತಕ ಬುದ್ಧಿಮತ್ತೆ ತಿದ್ದಿದ ಚಿತ್ರದ ಮೇಲೆ ಆ ಗುರುತಿರಲಿ, ಮೂಲ ಚಿತ್ರವೂ ವೈದ್ಯರ ಕೈಗೆ ಸಿಗಲಿ. ಎರಡನೆಯದು, ಉಸಿರಿನ ಸೂಚನೆ ಕನ್ನಡವೂ ಸೇರಿದಂತೆ ನಮ್ಮೆಲ್ಲ ಭಾಷೆಗಳಲ್ಲಿ ಕೇಳಲಿ. ಅದಕ್ಕೆ ಹೀಲಿಯಂ ಬೇಕಿಲ್ಲ, ಕೋಟಿಗಟ್ಟಲೆ ಹಣವೂ ಬೇಕಿಲ್ಲ. ಅಲ್ಲಿಯವರೆಗೆ ಆ ನಾಲ್ಕು ಹಿಂದಿ ಮಾತುಗಳ ಅರ್ಥವನ್ನು ಹಿರಿಯರಿಗೆ ನಾವೇ ಹೇಳಿಕೊಟ್ಟು, ಹೊರಗೆ ಕಾಯುವಾಗಲೇ ಎರಡು ಸಲ ಉಸಿರು ಹಿಡಿಸಿ ಅಭ್ಯಾಸ ಮಾಡಿಸೋಣ.